ಹೊಳೆ ತರದ ಮಣ್ಣು

ಕೊಳಕೂರ, ಜೇವರ್ಗಿ ತಾಲೂಕು
6 ಅಕ್ಟೋಬರ್ 2024

ಚಿ. ಕುಮಾರಿ ಜಗದೇವಿಗೆ ನಿನ್ನ ಅವ್ವ ಶಿವಕಾಂತಾಳ ಆಶೀರ್ವಾದಗಳು.

ಕೈಯಲ್ಲಿ ಫೋನಿದ್ದೂ ಅವ್ವ ಕಾಗದ ಬರೆದಿದ್ದಾಳಲ್ಲ ಎಂದು ಹುಬ್ಬು ಏರಿಸಬೇಡ. ಫೋನಿನಲ್ಲಿ ನೀನು "ಅವ್ವಾ" ಅಂದ ಕೂಡಲೇ ನನಗೆ ಅಳು ಬರುತ್ತದೆ. ನನ್ನದು ಕೇಳಿ ನಿನಗೂ ಬರುತ್ತದೆ. ಇಬ್ಬರೂ ಮೂಗು ಒರೆಸಿಕೊಂಡು ಇಟ್ಟುಬಿಡುತ್ತೇವೆ, ಕೇಳಬೇಕಾದದ್ದು ಹಾಗೇ ಉಳಿಯುತ್ತದೆ. ಕಾಗದದ ಮೇಲೆ ಅತ್ತರೆ ಅಕ್ಷರ ಕೆಡುತ್ತದೆ. ಜೀವನಪೂರ್ತಿ ಮಕ್ಕಳ ಅಕ್ಷರ ತಿದ್ದಿದವಳು ನಾನು, ಆ ಭಯಕ್ಕಾದರೂ ಗಟ್ಟಿಯಾಗಿರುತ್ತೇನೆ.

ನಿನಗೆ ಗೊತ್ತಿರುವುದನ್ನೇ ಮತ್ತೊಮ್ಮೆ ಬರೆಯುತ್ತೇನೆ. ಬರೆದರೆ ನನಗೆ ನಂಬಿಕೆ ಬರುತ್ತದೋ ನೋಡೋಣ. ನಾಗರ ಪಂಚಮಿಯ ಹಿಂದಿನ ದಿನ ಮೇಲಿನಿಂದ ಭೀಮೆಗೆ ನೀರು ಬಿಟ್ಟಿದ್ದಾರೆಂದು ಊರಲ್ಲಿ ಡಂಗುರ ಹೊಡೆಸಿದರು. ಎಲ್ಲರ ಹಾಗೆ ನಿನ್ನ ತಮ್ಮ ಅರುಣಕುಮಾರನೂ ಹೊಳೆದಂಡೆಯ ಪಂಪ್‌ಸೆಟ್ ಮೋಟಾರು ಮೇಲೆ ತರಲು ಹೋದ. ಮೋಟಾರು ತಂದ. ಆಮೇಲೆ ಹಗ್ಗ ಬಿಟ್ಟುಬಂದೆ ಎಂದು ಮತ್ತೆ ಇಳಿದ. ಮೋಟಾರು ದಂಡೆಯ ಮೇಲೆ ಕೂತಿತ್ತು, ಅವನಿರಲಿಲ್ಲ. ನೀನು ಬಂದು ನಮ್ಮ ಜೊತೆ ದಂಡೆ ದಂಡೆ ಅಲೆದದ್ದು ನಿನಗೇ ಗೊತ್ತು. ಏನೂ ಸಿಗಲಿಲ್ಲ.

ಈಗ ಊರಿನವರು, "ದಿನಕರ್ಮಾ ಮಾಡಿ ಮುಗಿಸಿಬಿಡ್ರಿ ಟೀಚರ್, ಎಷ್ಟ ದಿನಾ ಅಂತ ಹಿಂಗ ಕುಂದ್ರತೀರಿ" ಅನ್ನುತ್ತಾರೆ. ಏನು ಮಾಡಲಿ? ನಮ್ಮವರಲ್ಲಿ ಸತ್ತವರನ್ನು ಕುಣಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ಮಣ್ಣು ಕೊಟ್ಟ ಮೇಲೆಯೇ ಮನುಷ್ಯ ಹೋದ ಎಂದು ಮನಸ್ಸಿಗೆ ತಿಳಿಯುವುದು. ನಿಮ್ಮಪ್ಪನಿಗೆ ಮಣ್ಣು ಕೊಟ್ಟ ಕೈ ಇದು. ಮಗನಿಗೆ ಕೊಟ್ಟಿಲ್ಲ. ಕೊಡದೆ ಅವನು ಹೋದ ಎಂದು ನಾನು ಹೇಗೆ ಹೇಳಲಿ?

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಭೀಮೆ ಕೃಷ್ಣೆಗೆ ಸೇರುತ್ತದೆ, ಕೃಷ್ಣೆ ನೀನಿರುವ ಕಡೆ ಸಮುದ್ರಕ್ಕೆ ಸೇರುತ್ತದೆ ಎಂದು ಐದನೇ ತರಗತಿಗೆ ನಾನೇ ಪಾಠ ಮಾಡಿದ್ದೇನೆ. ನೀನು ಓದಿದ್ದೂ ನೀರು, ನಿನ್ನ ನೌಕರಿಯೂ ನೀರು. ಹೊಳೆ ಒಯ್ದದ್ದು ಸಮುದ್ರಕ್ಕೆ ಬರುತ್ತದೆಯೇ? ಬಂದರೆ ಎಲ್ಲಿಗೆ ಹೋಗುತ್ತದೆ? ನೇರ ಉತ್ತರ ಬರೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಚಿಕ್ಕವಳಿದ್ದಾಗ ಅರುಣ ಬೆಲ್ಲ ಕದ್ದು ತಿಂದು ಬೆಕ್ಕಿನ ಮೇಲೆ ಹಾಕಿದರೆ, ನೀನು ಬಂದು "ನಾನೂ ತಿಂದೇನಿ, ಅವನಕಿಂತ ಜಾಸ್ತಿ ತಿಂದೇನಿ" ಎಂದು ಇಬ್ಬರಿಗೂ ಏಟು ಕೊಡಿಸಿದವಳು.

ಸೊಸೆ ಐಶ್ವರ್ಯಾ ಅರಾಮ ಇದ್ದಾಳೆ. ಕುಂಕುಮ, ಬಳೆ ಯಾವುದನ್ನೂ ತೆಗೆಯಲು ನಾನು ಬಿಟ್ಟಿಲ್ಲ.

ಇಂತಿ ನಿನ್ನ ಅವ್ವ,
ಶಿವಕಾಂತಾ


ಅವನಿಗಡ್ಡ
28 ಅಕ್ಟೋಬರ್ 2024

ಅವ್ವನಿಗೆ ಜಗದೇವಿಯ ಶರಣು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಬೇರೆ ಯಾವುದೋ ಕೆಲಸ ನೆನಪಾಗುತ್ತಿತ್ತು.

ನಾನೂ ಹುಡುಕಿದೆ ಅವ್ವಾ. ಊರಿಂದ ಮರಳಿ ಬಂದಾಗ ಇಲ್ಲಿ ಹೊಳೆ ತುಂಬಿತ್ತು, ಕಂದು ನೀರು ಸಮುದ್ರದೊಳಕ್ಕೆ ಬಹಳ ದೂರ ಹೋಗುತ್ತಿತ್ತು. ನಮ್ಮ ದೋಣಿ ನಡೆಸುವವನು ಪೋಲಯ್ಯ. ನಿನಗಿಂತ ಹಿರಿಯ, ಮಾತು ಕಡಿಮೆ. ತೇಲಿಬಂದ ಪ್ರತಿಯೊಂದರ ಹತ್ತಿರವೂ ದೋಣಿ ಒಯ್ಯಲು ಹೇಳಿದೆ. ಯಾಕೆ ಎಂದು ಅವನು ಕೇಳಲಿಲ್ಲ. ಬಾಳೆದಿಂಡು ಇತ್ತು, ಪ್ಲಾಸ್ಟಿಕ್ ಕೊಡ ಇತ್ತು, ಒಂದು ಸತ್ತ ಎಮ್ಮೆ ಇತ್ತು. ಸ್ವಲ್ಪ ದಿನದಲ್ಲಿ ಮೇಲೆ ಅಣೆಕಟ್ಟಿನ ಬಾಗಿಲು ಹಾಕಿದರು, ನೀರು ನಿಂತಿತು.

ನನ್ನ ಕೆಲಸದ ಬಗ್ಗೆ ನಿನಗೆ ಸರಿಯಾಗಿ ಎಂದೂ ಹೇಳಿಲ್ಲ. ಮೀನು, ಏಡಿ, ಸೀಗಡಿ ಇವುಗಳ ಮೊಟ್ಟೆಗೂ ಮರಿಗೂ ಈಜುವ ಬಲ ಇರುವುದಿಲ್ಲ. ನೀರು ಎಲ್ಲಿಗೆ ಒಯ್ದರೆ ಅಲ್ಲಿಗೆ. ಒಳ್ಳೆಯ ಕಡೆ ಒಯ್ದರೆ ಬದುಕುತ್ತವೆ, ಇಲ್ಲದಿದ್ದರೆ ಇಲ್ಲ. ಎಲ್ಲಿಗೆ ಒಯ್ಯುತ್ತದೆ ಎಂದು ತಿಳಿಯಲು ನಾವು ಕಟ್ಟಿಗೆಯ ಚೂರುಗಳಿಗೆ ಬಣ್ಣ ಬಳಿದು, ಫೋನ್ ನಂಬರು ಬರೆದು ಹೊಳೆ ಸಮುದ್ರ ಸೇರುವಲ್ಲಿ ಬಿಡುತ್ತೇವೆ. ಸಿಕ್ಕವರು ಫೋನು ಮಾಡುತ್ತಾರೆ. ಕೆಲವು ಉತ್ತರಕ್ಕೆ ಹೋಗಿರುತ್ತವೆ, ಕೆಲವು ಉಬ್ಬರದ ಜೊತೆ ತಿರುಗಿ ನಮ್ಮ ಕಾಲ ಬುಡಕ್ಕೇ ಬರುತ್ತವೆ.

ಈ ನೆಲವೆಲ್ಲ ಹೊಳೆ ತಂದ ಮಣ್ಣು ಅವ್ವಾ. ನಮ್ಮ ಎರೆಹೊಲದ ಮಣ್ಣೂ ಇದರಲ್ಲಿ ಇರಬೇಕು. ಈಗ ಮಣ್ಣು ದೊಡ್ಡ ಅಣೆಕಟ್ಟುಗಳ ಹಿಂದೆ ಕೂತುಬಿಡುತ್ತದೆ. ಪ್ರವಾಹ ಬಂದರೂ ಬರುವುದು ಬಹುಪಾಲು ಬರೀ ನೀರು. ಆದರೆ ಅಲೆ ತನ್ನ ಕೆಲಸ ಬಿಟ್ಟಿಲ್ಲ, ದಿನಾ ಬಂದು ದಿನಾ ಒಯ್ಯುತ್ತದೆ. ಪೋಲಯ್ಯ ಹುಟ್ಟಿದ ಮನೆ ಇದ್ದ ಜಾಗದ ಮೇಲೆ ಈಗ ನಾವು ದೋಣಿಯಲ್ಲಿ ಹೋಗುತ್ತೇವೆ. ಅಲ್ಲಿಗೆ ಬಂದಾಗ ಅವನು ಬೀಡಿ ಆರಿಸುತ್ತಾನೆ.

ಐಶ್ವರ್ಯಾಳಿಗೆ ನನ್ನ ನೆನಪು ಹೇಳು. ರೊಟ್ಟಿ ತಿನ್ನದೆ ನಾಲಿಗೆ ಸತ್ತುಹೋಗಿದೆ.

ನಿನ್ನ ಮಗಳು,
ಜಗದೇವಿ


ಕೊಳಕೂರ
2 ಜನವರಿ 2025

ಚಿ. ಜಗದೇವಿಗೆ ಆಶೀರ್ವಾದ.

ನಾನು ಕೇಳಿದ್ದೊಂದು, ನೀನು ಬರೆದದ್ದೊಂದು. ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ನಾನು ಸೊನ್ನೆ ಹಾಕುತ್ತಿದ್ದೆ. ಆದರೆ ನಿನ್ನ ಬಣ್ಣದ ಕಟ್ಟಿಗೆಯ ಮಾತು ತಲೆಯಲ್ಲಿ ಕೂತುಬಿಟ್ಟಿತು.

ನಿನಗೆ ನೆನಪಿದೆಯಲ್ಲ, ನಿಮ್ಮಪ್ಪ ಅರುಣನ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಹೊಳೆಗೆ ಇಳಿಸಿ ಈಜು ಕಲಿಸಿದ್ದು. ಆ ಬುರುಡೆ ಇನ್ನೂ ಅಟ್ಟದ ಮೇಲಿತ್ತು. ಈ ಸಲ ಬೇಲಿಯ ಮೇಲೆ ಬಳ್ಳಿ ಹಬ್ಬಿ ಸೋರೆ ಬಹಳ ಬಿಟ್ಟಿತ್ತು, ಪಲ್ಯಕ್ಕೆ ಕೊಯ್ಯದೆ ಒಣಗಿಸಿದೆ. ಎತ್ತಿನ ಕೊಂಬಿಗೆ ಹಚ್ಚುವ ಕೆಂಪು ಬಣ್ಣದಿಂದ ಒಂದೊಂದರ ಮೇಲೂ "ಅರುಣಕುಮಾರ, ಕೊಳಕೂರ" ಎಂದು ಬರೆದು ಕೆಳಗೆ ನಿನ್ನ ನಂಬರು ಬರೆದೆ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ, ಉಳಿದ ಸಜ್ಜೆ ಕಡುಬು, ಭಜ್ಜಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊಳೆಗೆ ಹೋದೆ. ಭೂಮಿತಾಯಿಗೆ ಉಣಿಸಿದ ಮೇಲೆ ಹೊಳೆಗೂ ಉಣಿಸಿದರೆ ತಪ್ಪೇನು? ಮೊದಲು ಅಟ್ಟದ ಬುರುಡೆ ಬಿಟ್ಟೆ. ಕುಣಿಯುತ್ತ ಹೋಯಿತು. ಇನ್ನು ಮೇಲೆ ಹೊಳೆಗೆ ಹೋದಾಗಲೆಲ್ಲ ಒಂದೊಂದು ಬಿಡುತ್ತೇನೆ.

ಕೆಳಗೆ ಬ್ಯಾರೇಜಿನಲ್ಲಿ ಗೇಟು ಇಳಿಸಿದ್ದಾರೆ, ಅಷ್ಟು ನನಗೂ ಗೊತ್ತು. ಅಲ್ಲಿ ಗೇಟು ನೋಡಿಕೊಳ್ಳುವ ಜಹೀರುದ್ದೀನ ನನ್ನ ಕೈಯಲ್ಲಿ ಕಲಿತವನೇ. ಹೋಗಿ ಕೇಳಿದೆ. ಬುರುಡೆ ಕೈಗೆ ತೆಗೆದುಕೊಂಡು ಹೆಸರು ಓದಿದ. ಅವನೂ ಅರುಣನೂ ಒಂದೇ ಬೆಂಚಿನವರು. ಆಮೇಲೆ, "ಗೇಟಿಗೆ ಬಂದದ್ದನ್ನ ನಾ ಆಚಿಗಿ ದಾಟಸ್ತೇನ್ರಿ ಟೀಚರ್. ನೀವೇನ್ ಫಿಕರ್ ಮಾಡಬ್ಯಾಡ್ರಿ" ಎಂದ.

ಐಶ್ವರ್ಯಾಳ ಅಪ್ಪ ಆಳಂದದಿಂದ ಬಂದಿದ್ದರು.

"ಬೀಗತೇರ, ಹುಡುಗಿ ಇನ್ನೂ ಸಣ್ಣಾಕಿ ಅದಾಳ್ರಿ. ನಾಕ ದಿನಾ ನಮ್ಮ ಮನ್ಯಾಗ ಇದ್ದ ಬರ್ಲಿ" ಎಂದರು.

"ಗಂಡ ಬರೋ ಹೊತ್ತಿಗಿ ಹೇಣ್ತಿ ಮನ್ಯಾಗ ಇರಬೇಕಲ್ರಿ" ಎಂದೆ.

ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ನಾನು ಕೆಟ್ಟವಳಲ್ಲ ಜಗು. ಒಂದೇ ಒಂದು ಬುರುಡೆ ನಿನ್ನ ಕೈ ಸೇರಲಿ. ಹೊಳೆ ಅವನನ್ನೂ ಸಮುದ್ರಕ್ಕೆ ಮುಟ್ಟಿಸಿದೆ ಎಂದು ಆಗ ಒಪ್ಪುತ್ತೇನೆ. ಅವತ್ತೇ ಮಠದ ಅಯ್ಯನವರನ್ನು ಕರೆಸುತ್ತೇನೆ, ಐಶ್ವರ್ಯಾಳನ್ನು ತವರಿಗೆ ಕಳಿಸುತ್ತೇನೆ. ಅಲ್ಲಿಯವರೆಗೆ ಈ ಮನೆಯಲ್ಲಿ ಯಾರೂ ಅಳುವ ಹಾಗಿಲ್ಲ ಎಂದು ಹೇಳಿದ್ದೇನೆ.

ದಿನಾ ದಂಡೆಗೆ ಹೋಗಿ ನೋಡು.

ನಿನ್ನ ಅವ್ವ,
ಶಿವಕಾಂತಾ


ಅವನಿಗಡ್ಡ
27 ಜನವರಿ 2025

ಅವ್ವನಿಗೆ ಶರಣು.

ಬುರುಡೆ ಬಿಡುವುದನ್ನು ನಿಲ್ಲಿಸು ಅವ್ವಾ. ಕೈಮುಗಿದು ಕೇಳುತ್ತೇನೆ.

ನಿನ್ನ ಬ್ಯಾರೇಜು ದಾಟಿದರೂ ಮುಂದೆ ಇನ್ನೂ ಬ್ಯಾರೇಜುಗಳಿವೆ. ಆಮೇಲೆ ಜುರಾಲಾ ಅಣೆಕಟ್ಟು. ಆಮೇಲೆ ಶ್ರೀಶೈಲ, ನಾಗಾರ್ಜುನ ಸಾಗರ. ಅಷ್ಟು ದೊಡ್ಡ ಅಣೆಕಟ್ಟುಗಳ ಹಿಂದೆ ನೀರು ಬಂದು ಮಲಗಿಬಿಡುತ್ತದೆ. ಒಂದು ಬುರುಡೆಗೆ ಆಗುವುದೇ ಹೊಳೆ ಒಯ್ದ ಎಲ್ಲದಕ್ಕೂ…

ಈ ಸಾಲು ಮುಗಿಸಲು ನನ್ನಿಂದ ಆಗುತ್ತಿಲ್ಲ. ಬೇರೆ ಬರೆಯುತ್ತೇನೆ.

ಇಲ್ಲಿ ಒಂದು ಮೀನಿದೆ, ಬೆಳ್ಳಿ ಬಣ್ಣದ್ದು, ಮೈತುಂಬ ಮುಳ್ಳು. ಬೆಳೆಯುವುದು ಸಮುದ್ರದಲ್ಲಿ, ಮೊಟ್ಟೆ ಇಡಲು ಮಾತ್ರ ಹೊಳೆಗೆ ಏರಬೇಕು. ಸಿಹಿನೀರು ಸಮುದ್ರಕ್ಕೆ ಬಂದು ಕೂಡುವ ಕಡೆ ಅದಕ್ಕೆ ದಾರಿ ತಿಳಿಯುತ್ತದಂತೆ. ಈ ವರ್ಷ ಪ್ರವಾಹ ನಿಂತ ಮೇಲೆ ಸಿಹಿನೀರಿಲ್ಲ. ಸಮುದ್ರದ ಉಪ್ಪುನೀರೇ ಉಬ್ಬರದಲ್ಲಿ ಹೊಳೆಯೊಳಗೆ ಮೇಲೆ ಮೇಲೆ ಹೋಗುತ್ತಿದೆ. ದಂಡೆಯ ಕೆಸರಿನಲ್ಲಿ ಬೇರು ಬಿಟ್ಟು ಬೆಳೆಯುವ ಕಾಂಡ್ಲಾ ಗಿಡಗಳಿಗೆ ಉಪ್ಪು ಬೇಕು, ಆದರೆ ಸಿಹಿಯೂ ಬೇಕು. ಹೊಸ ಸಸಿಗಳು ತುದಿಯಿಂದ ಒಣಗುತ್ತಿವೆ. ಆ ಬೇರುಗಳ ಸಂದಿಯಲ್ಲಿ ಬೆಳೆಯುವ ಏಡಿ ಮರಿಗಳನ್ನು ಹೋದ ವರ್ಷ ಬಲೆಯಲ್ಲಿ ಮೊಗೆದು ನೋಡುತ್ತಿದ್ದೆವು, ಈಗ ಹುಡುಕಬೇಕು. ಬಾವಿಗಳೂ ಉಪ್ಪಾಗಿವೆ, ಪೋಲಯ್ಯನ ಹೆಂಡತಿ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುತ್ತಾಳೆ.

ಇಲ್ಲಿ ಎಲ್ಲವೂ ಮೇಲಿನಿಂದ ಬರುವುದಕ್ಕೆ ಕಾಯುತ್ತಿವೆ ಅವ್ವಾ. ನೀನು ಕೆಳಗಿನಿಂದ ಸುದ್ದಿ ಬರಲೆಂದು ಕಾಯುತ್ತಿದ್ದೀಯ. ನಾನು ನಡುವೆ ನಿಂತು ಎರಡೂ ಕಡೆಗೆ ಏನೂ ಹೇಳಲಾರದೆ ಒದ್ದಾಡುತ್ತಿದ್ದೇನೆ.

ದಂಡೆಗೆ ಹೋಗುತ್ತೇನೆ. ದಿನಾ ಹೋಗುತ್ತೇನೆ.

ಜಗದೇವಿ


ಕೊಳಕೂರ
22 ಫೆಬ್ರವರಿ 2025

ಜಗದೇವಿ ಅಕ್ಕನವರಿಗೆ ಐಶ್ವರ್ಯಾಳ ನಮಸ್ಕಾರಗಳು.

ಈ ಕಾಗದ ಬರೆದದ್ದು ಅತ್ತೆಗೆ ಗೊತ್ತಿಲ್ಲ. ಅವರು ಹೊಳೆಗೆ ಹೋಗಿದ್ದಾರೆ.

ಅಕ್ಕಾ, ಅತ್ತೆ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಬಿಸಿ ರೊಟ್ಟಿ ನನಗೆ, ತಣ್ಣನೆಯದು ಅವರಿಗೆ. ಪ್ರತಿ ಸೋಮವಾರ ತಾವೇ ನನ್ನ ತಲೆ ಬಾಚಿ ಹೂ ಮುಡಿಸುತ್ತಾರೆ. ಊಟಕ್ಕೆ ಮೂರು ತಾಟು ಹಾಕುತ್ತಾರೆ. ಮೂರನೆಯದಕ್ಕೂ ರೊಟ್ಟಿ ಬಡಿಸಿ, ಆಮೇಲೆ ಅದನ್ನು ಆಕಳಿಗೆ ಹಾಕುತ್ತಾರೆ. ನಾನು ನೋಡುತ್ತ ಉಣ್ಣಬೇಕು.

ಹೋದ ವಾರ ಒಗೆಯಲು ಬಟ್ಟೆ ತೆಗೆಯುವಾಗ ನಿಮ್ಮ ತಮ್ಮನ ಒಂದು ಅಂಗಿ ಸಿಕ್ಕಿತು, ಜೇಬಿನಲ್ಲಿ ಅರ್ಧ ಅಡಿಕೆ. ನನಗೆ ತಡೆಯಲಾಗಲಿಲ್ಲ. ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ಅತ್ತೆಯವರು ಬಾಗಿಲ ಹೊರಗೆ ನಿಂತು, "ಯಾರ ಸತ್ತಾರಂತ ಅಳಾಕತ್ತೀ ಬೇ?" ಎಂದರು. ಬೈಗುಳ ಅಲ್ಲ ಅಕ್ಕಾ. ಅವರ ದನಿ ನಡುಗುತ್ತಿತ್ತು. ನಾನು ನೀರು ನಿಲ್ಲಿಸಿ ಹೊರಗೆ ಬಂದೆ.

ಅಪ್ಪ ಮತ್ತೆ ಬಂದು ಕರೆಯುತ್ತಿದ್ದಾರೆ. ನಾನು ತವರಿಗೆ ಓಡಬೇಕೆಂದು ಈ ಕಾಗದ ಬರೆಯುತ್ತಿಲ್ಲ. ಮತ್ತೊಂದು ಮದುವೆಯ ಯೋಚನೆಯೂ ಇಲ್ಲ, ಆಣೆ ಮಾಡಿ ಹೇಳುತ್ತೇನೆ. ನನಗೆ ನನ್ನ ಗಂಡನಿಗಾಗಿ ಅಳಬೇಕಾಗಿದೆ. ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ ಎಂಬಂತೆ ಎಷ್ಟು ದಿನ ಇರಲಿ? ಅತ್ತೆ ನಿಮ್ಮ ಮಾತು ಒಂದನ್ನೇ ನಂಬುತ್ತಾರೆ. "ಜಗು ಬರದ್ರ ಮುಗೀತು, ಆಕಿ ಸುಳ್ಳ ಹೇಳಾಕಿ ಅಲ್ಲ" ಅನ್ನುತ್ತಾರೆ.

ಅವರ ಹೆಜ್ಜೆ ಕೇಳಿಸಿತು. ಇಷ್ಟಕ್ಕೆ ಮುಗಿಸುತ್ತೇನೆ.

ನಿಮ್ಮ,
ಐಶ್ವರ್ಯಾ


ಕೊಳಕೂರ
10 ಮಾರ್ಚ್ 2025

ಜಗದೇವಿ,

ಹೊಳೆ ಸಣ್ಣದಾಗಿದೆ. ಬಳ್ಳಿಯ ಬುರುಡೆ ಮುಗಿದವು. ಕೊನೆಯದನ್ನು ನಿನ್ನೆ ಬಿಟ್ಟೆ. ಒಂದಾದರೂ ಬಂತೋ ಇಲ್ಲವೋ, ಒಂದೇ ಮಾತಿನಲ್ಲಿ ಬರೆ. ಮೀನಿನ ಕಥೆ ಬೇಡ.

ಅವ್ವ


ಅವನಿಗಡ್ಡ
3 ಏಪ್ರಿಲ್ 2025

ಅವ್ವಾ,

ಬಂತು.

ಮೊನ್ನೆ ಇಳಿತದ ಹೊತ್ತಿನಲ್ಲಿ ದಂಡೆಯಲ್ಲಿ ನಡೆಯುತ್ತಿದ್ದಾಗ ಕಾಂಡ್ಲಾ ಬೇರುಗಳಲ್ಲಿ ಸಿಕ್ಕಿಕೊಂಡದ್ದು ಕಂಡಿತು. ಮೊದಲು ತೆಂಗಿನಕಾಯಿ ಎಂದುಕೊಂಡೆ. ಹತ್ತಿರ ಹೋದರೆ ಬುರುಡೆ. ಬಣ್ಣ ಬಹಳ ಮಾಸಿತ್ತು. "ಅರುಣ" ಎಂಬಷ್ಟು ಅಕ್ಷರ ಚೆನ್ನಾಗಿ ಕಾಣುತ್ತಿದ್ದವು, ಉಳಿದದ್ದನ್ನು ಉಪ್ಪುನೀರು ತಿಂದಿತ್ತು. ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡಿದವು. ಪೋಲಯ್ಯನೂ ನೋಡಿದ. ಅಷ್ಟು ದೂರದಿಂದ ಬಂತಲ್ಲ ಎಂದು ಅವನೂ ಬೆರಗಾದ. ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಆಮೇಲೆ ಅದನ್ನು ಸಮುದ್ರಕ್ಕೇ ಬಿಟ್ಟೆ, ಇಳಿತದ ನೀರು ಒಳಕ್ಕೆ ಕರೆದುಕೊಂಡು ಹೋಯಿತು.

ಹೊಳೆ ಮುಟ್ಟಿಸಿದೆ ಅವ್ವಾ. ಇನ್ನು ಅಯ್ಯನವರನ್ನು ಕರೆಸು. ಐಶ್ವರ್ಯಾಳನ್ನು ಅವಳ ಅಪ್ಪನ ಜೊತೆ ಕಳಿಸು. ನೀನು ಕೊಟ್ಟ ಮಾತು ಇದು.

ಜಗದೇವಿ


ಅವನಿಗಡ್ಡ
5 ಮೇ 2025

ಅವ್ವಾ,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ಫೋನು ಮಾಡಿದರೆ ಐಶ್ವರ್ಯಾ ಎತ್ತಿ "ಅತ್ತಿ ಆರಾಮ ಅದಾರ್ರಿ, ಬರೀತಾರಂತ" ಎಂದು ಇಟ್ಟುಬಿಟ್ಟಳು. ಏನಾಗಿದೆ? ಬೈಯುವುದಿದ್ದರೆ ಬೈದಾದರೂ ಬರೆ.

ಜಗು


ಕೊಳಕೂರ
26 ಮೇ 2025

ನನ್ನ ಮಗಳು ಜಗದೇವಿಗೆ,

ಬೈಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನ "ಬಂತು" ಎಂಬ ಕಾಗದ ಕೈಸೇರಿದ ದಿನ ನಾನು ಕಾಲಿಗೆ ಚಪ್ಪಲಿಯನ್ನೂ ಹಾಕದೆ ಅಂಗಳದಲ್ಲಿ ಓಡಾಡಿದೆ. ಐಶ್ವರ್ಯಾಳಿಗೆ ಇನ್ನೂ ಹೇಳಿರಲಿಲ್ಲ. ಮೊದಲು ಜಹೀರುದ್ದೀನನಿಗೆ ಹೇಳಬೇಕು ಅನಿಸಿತು. ಅವನು ದಾಟಿಸಿದ್ದರಿಂದ ತಾನೇ ಮುಟ್ಟಿತು? ಒಂದು ಪೊಟ್ಟಣ ಸಕ್ಕರೆ ಕಟ್ಟಿಕೊಂಡು ಬ್ಯಾರೇಜಿಗೆ ಹೋದೆ.

"ಬಾಯಿ ಸಿಹಿ ಮಾಡ್ಕೋಪಾ. ನಮ್ಮ ಬುರುಡಿ ಸಮುದ್ರ ಮುಟ್ಟ್ಯದ" ಎಂದೆ.

ಅವನು ಕೈ ಚಾಚಲಿಲ್ಲ. "ನನಗ ಸಕ್ರಿ ಕೊಡಬ್ಯಾಡ್ರಿ ಟೀಚರ್. ಒಳಗ ಬರ್ರಿ" ಎಂದ.

ಗೇಟಿನ ಪಕ್ಕದ ಖೋಲಿಯಲ್ಲಿ ಗ್ರೀಸಿನ ಡಬ್ಬಿ, ಸರಪಳಿ ಇಡುವ ಮೂಲೆಯಿಂದ ಒಂದು ಗೋಣಿಚೀಲ ಎಳೆದು ಬಾಯಿ ಬಿಚ್ಚಿದ. ಎಲ್ಲ ಬುರುಡೆಗಳೂ ಅದರಲ್ಲಿದ್ದವು. ಒಂದಕ್ಕೊಂದು ತಾಗದಂತೆ ನಡುವೆ ಹುಲ್ಲು ಇಟ್ಟಿದ್ದ.

"ಗೇಟಿನ ಕೆಳಗ ನೀರೇ ಇಲ್ರಿ. ಬರೀ ಕಲ್ಲು, ಸತ್ತ ಮೀನು. ಆ ಬಿಸಲಾಗ ಕಲ್ಲಿನ ಮ್ಯಾಲ ಅವನ ಹೆಸರ ಒಗ್ಯಾಕ ನನ್ನ ಕೈ ಬರಲಿಲ್ರಿ. ನಿಮಗ ಹೇಳಾಕ ಬಾಯಿನೂ ಬರಲಿಲ್ಲ" ಎಂದು ಅಷ್ಟು ದೊಡ್ಡ ಗಂಡಸು ನನ್ನ ಮುಂದೆ ನಿಂತು ಅತ್ತ.

ನಾನು ಕೂತು ಒಂದೊಂದನ್ನೇ ತೆಗೆದು ನೋಡಿದೆ. ನನ್ನದೇ ಕೈಬರಹ, ಯಾವ ಅಕ್ಷರವೂ ಮಾಸಿರಲಿಲ್ಲ. ಅಟ್ಟದ ಬುರುಡೆಯೂ ಇತ್ತು. ಒಂದೂ ಕಡಿಮೆಯಿರಲಿಲ್ಲ ಜಗು.

ಮೊದಲು ಸಿಟ್ಟು ಬಂತು. ನನ್ನ ಕೈಯಲ್ಲಿ ಕಲಿತ ಇಬ್ಬರೂ ನನಗೇ ಸುಳ್ಳು ಹೇಳಿದರಲ್ಲ ಎಂದು. ದಾರಿಯಲ್ಲಿ ಬರುತ್ತಾ ನಿನ್ನ ಕಾಗದ ನೆನಪು ಮಾಡಿಕೊಂಡೆ. ಮಾಸಿದ ಬಣ್ಣ, ಬೀಜದ ಸದ್ದು, ಪೋಲಯ್ಯನ ಬೆರಗು. ಎಷ್ಟು ಚೆನ್ನಾಗಿ ಬರೆದಿದ್ದೀಯ. ಬೆಲ್ಲ ತಿಂದದ್ದಕ್ಕೂ ಸುಳ್ಳು ಹೇಳಲಾರದ ನನ್ನ ಮಗಳು ಇಷ್ಟು ಹೇಳಬೇಕಾದರೆ ಅವಳಿಗೆ ಎಷ್ಟು ಖಾತ್ರಿ ಇರಬೇಕು! ಅವನು ಬರಬಹುದು ಎಂಬ ಒಂದು ಎಳೆ ಆಸೆ ನಿನಗಿದ್ದಿದ್ದರೆ ನೀನು ಹೀಗೆ ಬರೆಯುತ್ತಿರಲಿಲ್ಲ. ನೀನು ನಿಜ ಬರೆದಿದ್ದರೆ ನಾನು ನಿನ್ನ ಜೊತೆ ವಾದ ಮಾಡುತ್ತಿದ್ದೆ. ನಿನ್ನ ಸುಳ್ಳಿನ ಮುಂದೆ ನನಗೆ ವಾದ ಉಳಿಯಲಿಲ್ಲ. ದಾರಿಯಲ್ಲೇ ಒಂದು ಬೇವಿನ ಮರದ ಕೆಳಗೆ ಕೂತುಬಿಟ್ಟೆ. ನನ್ನ ಮಗ ಸತ್ತಿದ್ದಾನೆ ಎಂದು ಬಾಯಿಬಿಟ್ಟು ಹೇಳಿದೆ. ಮರದ ಕೆಳಗೆ ಕಟ್ಟಿದ್ದ ಯಾರದೋ ಆಡು ನನ್ನನ್ನು ನೋಡುತ್ತಿತ್ತು.

ಮನೆಗೆ ಬಂದು ಐಶ್ವರ್ಯಾಳನ್ನು ಹತ್ತಿರ ಕೂರಿಸಿಕೊಂಡು, "ಅಳು ಬೇ. ಎಷ್ಟ ಅಳ್ತಿ ಅಳು" ಎಂದೆ. ಆ ಹುಡುಗಿ ಅಷ್ಟು ದಿನದ್ದನ್ನೆಲ್ಲ ಒಟ್ಟಿಗೆ ಅತ್ತಿತು. ಮೂರನೇ ತಾಟು ತೊಳೆದು ಮೇಲಿಟ್ಟೆ.

ಇದನ್ನೆಲ್ಲ ನಿನಗೆ ಬರೆಯಲು ಇಷ್ಟು ದಿನ ಕೈ ಏಳಲಿಲ್ಲ. ಮೊದಲೇ ಕರೆಸಿದ್ದರೆ ಆ ಸುಳ್ಳಿನ ಮಾತನ್ನು ನಿನ್ನ ಮುಖ ನೋಡಿ ಆಡಬೇಕಿತ್ತು, ಅದಕ್ಕೇ ಮಾಡಿ ಮುಗಿಸಿಯೇ ಬರೆಯೋಣ ಎಂದುಕೊಂಡೆ. ಅಯ್ಯನವರು ಬಸವ ಜಯಂತಿ ಕಳೆಯಲಿ ಎಂದಿದ್ದರು. ಆಮೇಲೆ ಹೊಲದಲ್ಲಿ ನಿಮ್ಮಪ್ಪನ ಸಮಾಧಿಯ ಪಕ್ಕದಲ್ಲಿ ಕುಣಿ ತೆಗೆಸಿದೆ. ತೆಗೆಯುವವರು "ಎಷ್ಟ ತಗೀಬೇಕ್ರಿ?" ಎಂದರು, ಮನುಷ್ಯನ ಅಳತೆಗೇ ತೆಗೆಯಿರಿ ಎಂದೆ. ಅಟ್ಟದ ಬುರುಡೆಗೆ ವಿಭೂತಿ ಹಚ್ಚಿ ಅದನ್ನೇ ಕೂರಿಸಿದೆವು. ನಾನು ಮಣ್ಣು ಕೊಟ್ಟೆ. ಐಶ್ವರ್ಯಾ ಕೊಟ್ಟಳು. ಜಹೀರುದ್ದೀನ ದೂರ ನಿಂತಿದ್ದ, ಕರೆದು ಅವನ ಕೈಯಿಂದಲೂ ಕೊಡಿಸಿದೆ. ಮನುಷ್ಯನನ್ನು ಕೂರಿಸಿದರೆ ಮೇಲೆ ಬಹಳ ಮಣ್ಣು ಉಳಿಯುತ್ತದೆ, ಬುರುಡೆ ಎಷ್ಟು ಜಾಗ ಹಿಡಿದೀತು? ಒಂದು ಬುಟ್ಟಿ ಮಣ್ಣು ಉಳಿಯಿತು, ಅಷ್ಟೇ. ಅದನ್ನು ನೋಡಿದಾಗ ನನಗೆ ಮತ್ತೆ ಅಳು ಬಂತು.

ಬಳೆ ಒಡೆಸಲು ಬಂದ ಹೆಂಗಸರನ್ನು ಹೊಸ್ತಿಲ ಆಚೆಗೇ ನಿಲ್ಲಿಸಿದೆ. "ಬ್ಯಾಡ ಅನಿಸಿದ ದಿನಾ ಆಕಿನೇ ತಗೀತಾಳ" ಎಂದೆ. ಐಶ್ವರ್ಯಾ ನಿನ್ನೆ ಆಳಂದಕ್ಕೆ ಹೋದಳು. ಬಸ್ಸು ಹತ್ತುವಾಗ ತಿರುಗಿ ಬಂದು ನನ್ನ ತಲೆಗೆ ಸೆರಗು ಸರಿ ಮಾಡಿ ಹೋದಳು.

ಉಳಿದ ಆ ಮಣ್ಣಿನಲ್ಲಿ ಒಂದು ಗಂಟು ನಿನಗೆ ಕಳಿಸುತ್ತಿದ್ದೇನೆ. ಜೇವರ್ಗಿಯಿಂದ ಕಲಬುರಗಿ, ಅಲ್ಲಿಂದ ಹೈದರಾಬಾದು, ವಿಜಯವಾಡ ಎಂದು ಬಸ್ಸಿನ ಪಾರ್ಸೆಲಿನವರು ಹೇಳಿದರು. ತಮ್ಮನಿಗೆ ನೀನೊಬ್ಬಳೇ ಮಣ್ಣು ಕೊಟ್ಟಿಲ್ಲ. ಹೊಳೆ ಸಮುದ್ರಕ್ಕೆ ಸೇರುವ ಕಡೆ ಕೊಡು. ನಿಮ್ಮ ನೆಲಕ್ಕೂ ಮಣ್ಣು ಬೇಕಾಗಿದೆ ಎಂದು ಬರೆದಿದ್ದೆಯಲ್ಲ, ಮೀನಿನ ಕಥೆ ಬೇಡ ಎಂದರೂ ನಾನು ಎಲ್ಲ ಓದಿದ್ದೇನೆ.

ಇನ್ನು ಮೇಲೆ ಫೋನು ಮಾಡು. ಅಳು ಬಂದರೆ ಅಳೋಣ.

ನಿನ್ನ ಅವ್ವ,
ಶಿವಕಾಂತಾ


ಅವನಿಗಡ್ಡ
19 ಜೂನ್ 2025

ಅವ್ವನಿಗೆ ಜಗದೇವಿಯ ಶರಣು.

ನಿನ್ನ ಕಾಗದ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಗಂಟು ಸುರಕ್ಷಿತವಾಗಿ ಬಂತು. ಬಿಚ್ಚಿದಾಗ ನಮ್ಮ ಹೊಲದ ವಾಸನೆ ಕೋಣೆಯೆಲ್ಲ ತುಂಬಿತು. ಮಣ್ಣಿನಲ್ಲಿ ಜೋಳದ ಕೂಳೆಯ ಒಂದು ಬೇರು ಇತ್ತು, ಅದನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ.

ಇವತ್ತು ಬೆಳಿಗ್ಗೆ ಇಳಿತ ಶುರುವಾಗುವುದನ್ನು ಕಾದು ಪೋಲಯ್ಯನ ಜೊತೆ ಹೋದೆ. ಉಬ್ಬರದಲ್ಲಿ ಬಿಟ್ಟರೆ ನೀರು ತಿರುಗಿ ದಂಡೆಗೇ ತರುತ್ತದೆ, ಅಷ್ಟು ನನಗೆ ಗೊತ್ತಿದೆ. ಪೋಲಯ್ಯ ಎಂಜಿನ್ ನಿಲ್ಲಿಸಿ, ಗಂಟಿನಲ್ಲಿ ಏನು ಎಂದು ಮೊದಲ ಸಲ ಕೇಳಿದ. ಹೇಳಿದೆ. ಬುರುಡೆ ಬಂತೆಂದು ನಿನಗೆ ಹೇಳಿದ ಸುಳ್ಳಿನಲ್ಲಿ ಅವನ ಹೆಸರು ಎಳೆದು ತಂದಿದ್ದೆನಲ್ಲ, ಅದನ್ನೂ ಹೇಳಿದೆ. ಅವನು ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿ ನೋಡಿದ. ತಾನು ಹುಡುಗನಾಗಿದ್ದಾಗ ಮಳೆಗಾಲ ಬಂದರೆ ಇಂಥ ಕರಿಮಣ್ಣು ಹೊಳೆಯಲ್ಲಿ ಬಂದು ಮನೆಯ ಮುಂದೆ ಕೂರುತ್ತಿತ್ತು, ತನ್ನ ಅವ್ವ ಅದರಿಂದಲೇ ಒಲೆ ಹಾಕುತ್ತಿದ್ದಳು ಎಂದ. ಆಮೇಲೆ ನನ್ನನ್ನು ಕೇಳದೆ ತಾನೂ ಒಂದು ಹಿಡಿ ತೆಗೆದುಕೊಂಡ.

ನಾನು ಮೊದಲು ಕೊಟ್ಟೆ. ತಮ್ಮನ ಹೆಸರು ಕರೆದೆ. ಪಂಚಮಿಗೆ ಬರುತ್ತೇನೆ, ಜೋಕಾಲಿ ಕಟ್ಟಿಡು ಎಂದು ಫೋನಿನಲ್ಲಿ ಹೇಳಿದ್ದೆ ಅವನಿಗೆ. ಕಟ್ಟಿದ್ದನೋ ಇಲ್ಲವೋ ನಾನು ಯಾರನ್ನೂ ಕೇಳಲಿಲ್ಲ. ಆಮೇಲೆ ಪೋಲಯ್ಯ ಕೊಟ್ಟ. ಉಳಿದದ್ದನ್ನು ಗಂಟು ಕೊಡವಿ ಬಿಟ್ಟೆ. ನೀರು ಅಲ್ಲಿ ಸ್ವಲ್ಪ ಹೊತ್ತು ಕರ್ರಗೆ ಕಾಣಿಸಿತು. ಇಳಿತ ಅದನ್ನು ಕಾಂಡ್ಲಾ ಗಿಡಗಳ ಬದಿಗೆ ಹಾಯಿಸಿಕೊಂಡು ಸಮುದ್ರದ ಕಡೆಗೆ ಒಯ್ದಿತು. ಕಣ್ಣಿಗೆ ಕಾಣುವವರೆಗೂ ನೋಡಿದೆ.

ಸಂಜೆ ಫೋನು ಮಾಡುತ್ತೇನೆ. ಅದಕ್ಕೂ ಮೊದಲು ಇದು ಕಾಗದದ ಮೇಲೆ ಇರಲಿ. ಮೇಲಿನಿಂದ ಬಂತು ಅವ್ವಾ. ಅರುಣ ಸಮುದ್ರ ಮುಟ್ಟಿದ. ನಾನೇ ನೋಡಿದೆ, ಪೋಲಯ್ಯನೂ ನೋಡಿದ.

ಇದು ಸುಳ್ಳಲ್ಲ.

ನಿನ್ನ ಮಗಳು,
ಜಗದೇವಿ